ಮೀಟರ್ ಎಲ್ಲಿ ಕೂರಿಸಬೇಕು?

2001ರ ಜುಲೈ 20ರಂದು ತಿರುವನಂತಪುರದಲ್ಲಿ ‘ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ’ ಶುರುವಾಯಿತು. ಉದ್ಘಾಟನೆಗೆ ಬಂದವರು ರಿಚರ್ಡ್ ಸ್ಟಾಲ್ಮನ್. ತಂತ್ರಾಂಶವನ್ನು ಬೇಕಾದಂತೆ ಬಳಸುವ, ಅದು ಹೇಗೆ ಕೆಲಸ ಮಾಡುತ್ತದೆಂದು ಬಿಚ್ಚಿ ನೋಡುವ, ಇತರರಿಗೆ ಕೊಡುವ, ತಿದ್ದಿ ಕೊಡುವ ಹಕ್ಕು ಬಳಸುವವರಿಗೆ ಇರಬೇಕು ಎಂಬುದು ಅವರ ವಾದ. ಅದೇ ವರ್ಷ ಕೇರಳ ಸರ್ಕಾರ ‘ಐಟಿ ಅಟ್ ಸ್ಕೂಲ್’ ಯೋಜನೆಯನ್ನು ಆರಂಭಿಸಿತು. ಅದಕ್ಕೆ ತಳಹದಿ ಹಾಕಿದ್ದು ಪ್ರೊ. ಯು. ಆರ್. ರಾವ್ ನೇತೃತ್ವದ ಕಾರ್ಯಪಡೆಯ ಶಿಫಾರಸು. ಇಸ್ರೋ ಅಧ್ಯಕ್ಷರಾಗಿದ್ದ, ಉಡುಪಿ ಬಳಿಯ ಅದಮಾರಿನವರಾದ ಅದೇ ರಾವ್.

ಆರಂಭದಲ್ಲಿ ಆ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ಕಂಪನಿಯೊಂದರ ಒಡೆತನದ, ಒಳಗನ್ನು ತೋರಿಸದ ಕಾರ್ಯಾಚರಣ ವ್ಯವಸ್ಥೆ. ಶಿಕ್ಷಕರ ಸಂಘಟನೆಗಳ ಆಕ್ಷೇಪ, ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರ ಒತ್ತಡ, ಸರ್ಕಾರದ ನೀತಿ ಎಲ್ಲವೂ ಸೇರಿ ಆ ದಶಕ ಮುಗಿಯುವ ಹೊತ್ತಿಗೆ ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಗ್ನೂ/ಲಿನಕ್ಸ್‌ಗೆ ಬಂದುಬಿಟ್ಟಿದ್ದವು. ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಹಣ ಉಳಿದದ್ದನ್ನು ಹೇಳುತ್ತಾರೆ, ಇಲ್ಲವೇ ಸ್ವಾತಂತ್ರ್ಯದ ತತ್ವವನ್ನು ಹೇಳುತ್ತಾರೆ.

ಆ ಎರಡನೆಯ ಹಕ್ಕು, ಬಿಚ್ಚಿ ನೋಡುವ ಹಕ್ಕು, ಸ್ವಲ್ಪ ತಡೆದು ನೋಡಬೇಕಾದದ್ದು. ಅದರಲ್ಲಿ ಎರಡು ಬಗೆಯಿದೆ. ಒಂದು, ಬರೆದಿಟ್ಟ ಪ್ರೋಗ್ರಾಂನ ಸಾಲುಗಳನ್ನು ಓದುವುದು. ಇನ್ನೊಂದು, ಈ ಕ್ಷಣ ಓಡುತ್ತಿರುವ ಯಂತ್ರದೊಳಗೆ ಏನಾಗುತ್ತಿದೆ ಎಂದು ನೋಡುವುದು. ಮೊದಲನೆಯದನ್ನು ಪರವಾನಗಿ ಪತ್ರ ಕೊಡುತ್ತದೆ. ಎರಡನೆಯದನ್ನು ಯಾವ ಪರವಾನಗಿಯೂ ಕೊಡುವುದಿಲ್ಲ. ಯಂತ್ರದ ಒಡಲಲ್ಲಿರುವ ಕರ್ನಲ್ ಎಂಬ ಪ್ರೋಗ್ರಾಂ ತನ್ನ ಲೆಕ್ಕವನ್ನು ಎಲ್ಲಿ, ಯಾರಿಗೆ ಕಾಣುವಂತೆ ಇಡುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಡಿಸ್ಕಿನ ವಿಚಾರದಲ್ಲಿ ಈ ‘ಎಲ್ಲಿ’ ತೀರ್ಮಾನವಾಗಲು ಹಲವು ವರ್ಷ ಹಿಡಿಯಿತು.

ನಿಧಾನಕ್ಕೆ ಕಾರಣ ಯಾರು?

2000ದ ದಶಕದ ಶಾಲಾ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಸೂಜಿಯ ತೋಳು ಸರಿಯಾದ ಪಟ್ಟಿಗೆ ಸರಿಯಬೇಕು. ಎಲ್ಲ ಸೇರಿದರೆ ಒಂದು ಬಿಡಿ ಕೋರಿಕೆಗೆ ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು. ಅಂದರೆ ಚದುರಿದ ಜಾಗಗಳಿಂದ ಓದಬೇಕಾದಾಗ ಸೆಕೆಂಡಿಗೆ ನೂರು ಕೋರಿಕೆ ಪೂರೈಸುವುದೂ ಕಷ್ಟ. ಅದೇ ಯಂತ್ರದ ಪ್ರೊಸೆಸರ್ ಒಂದು ಸೆಕೆಂಡಿನಲ್ಲಿ ನೂರು ಕೋಟಿ ಹೆಜ್ಜೆ ಇಟ್ಟಿರುತ್ತದೆ.

ಹೀಗಾಗಿ ಕಂಪ್ಯೂಟರ್ ‘ಹ್ಯಾಂಗ್’ ಆಯಿತು ಎಂದು ಜನ ಹೇಳುವ ಎಷ್ಟೋ ಸಂದರ್ಭಗಳಲ್ಲಿ ಪ್ರೊಸೆಸರ್ ಸುಮ್ಮನೆ ಕೂತು ಡಿಸ್ಕಿನ ಉತ್ತರಕ್ಕೆ ಕಾಯುತ್ತಿರುತ್ತದೆ. ಡಿಸ್ಕ್ ಕೆಡುವ ಹಂತಕ್ಕೆ ಬಂದಿರಬಹುದು. ಅಥವಾ ಡಿಸ್ಕ್ ಚೆನ್ನಾಗಿಯೇ ಇದ್ದು, ಮೆಮೊರಿ ಸಾಲದೆ ಕರ್ನಲ್ ಎಲ್ಲವನ್ನೂ ಡಿಸ್ಕಿಗೆ ತುಂಬಿ ತೆಗೆಯುತ್ತಿರಬಹುದು. ಮೊದಲನೆಯದಕ್ಕೆ ಹೊಸ ಡಿಸ್ಕ್ ಬೇಕು, ಎರಡನೆಯದಕ್ಕೆ ಒಂದು ಮೆಮೊರಿ ಪಟ್ಟಿ ಸಾಕು. ಕಾರಣ ಗೊತ್ತಿಲ್ಲದವರು ಇಡೀ ಕಂಪ್ಯೂಟರನ್ನು ಮೂಲೆಗೆ ತಳ್ಳುತ್ತಾರೆ. ಸಾವಿರಾರು ಶಾಲೆಗಳಿರುವ ವ್ಯವಸ್ಥೆಯಲ್ಲಿ ಈ ವ್ಯತ್ಯಾಸ ಸಾರ್ವಜನಿಕರ ಹಣದ ಪ್ರಶ್ನೆ.

ಇದನ್ನು ಬಿಡಿಸಿ ಹೇಳಬಲ್ಲದ್ದು ಕರ್ನಲ್ ಮಾತ್ರ. ಡಿಸ್ಕಿಗೆ ಹೋಗುವ ಪ್ರತಿಯೊಂದು ಕೋರಿಕೆಯೂ ಅದರ ಕೈ ದಾಟಿಯೇ ಹೋಗಬೇಕು. ಎಷ್ಟು ಬಾರಿ ಓದಿದೆ, ಎಷ್ಟು ಬರೆದಿದೆ, ಒಟ್ಟು ಎಷ್ಟು ಹೊತ್ತು ಹಿಡಿಯಿತು, ಈಗ ಎಷ್ಟು ಕೋರಿಕೆ ಸಾಲಿನಲ್ಲಿವೆ ಎಂದು ಅದು ಎಣಿಸಿಡಬಹುದು. ಈ ಎಣಿಕೆ ಮನೆಯ ವಿದ್ಯುತ್ ಮೀಟರಿನಂತೆ. ಮೀಟರು ಇಂದಿನ ಬಳಕೆಯನ್ನು ಹೇಳುವುದಿಲ್ಲ, ಕೂರಿಸಿದ ದಿನದಿಂದ ಆದ ಒಟ್ಟನ್ನು ಹೇಳುತ್ತದೆ. ಹೋದ ತಿಂಗಳ ಅಂಕಿಯನ್ನು ಕಳೆದರೆ ಈ ತಿಂಗಳದ್ದು ಸಿಗುತ್ತದೆ. ಕರ್ನಲ್ ಸಹ ಯಂತ್ರ ಚಾಲೂ ಆದಾಗಿನಿಂದ ಕೂಡಿಸುತ್ತಾ ಹೋಗುತ್ತದೆ. ಎರಡು ಬಾರಿ ಓದಿ ಕಳೆಯುವುದು ನೋಡುವವರ ಕೆಲಸ.

ಮೀಟರ್ ಇರಬೇಕು ಎಂಬುದರಲ್ಲಿ ತಕರಾರಿಲ್ಲ. ಅದನ್ನು ಎಲ್ಲಿ ಕೂರಿಸಬೇಕು? ಬೀಗ ಹಾಕಿದ ಕೋಣೆಯಲ್ಲೋ, ಹೊರಗೋಡೆಯ ಮೇಲೋ?

ಬೀಗ ಹಾಕಿದ ಕೋಣೆ

ಹಳೆಯ ಯುನಿಕ್ಸ್‌ಗಳಲ್ಲಿ ಅದು ಬೀಗದ ಕೋಣೆಯಲ್ಲೇ ಇತ್ತು. ಬರ್ಕ್ಲಿಯ ಬಿಎಸ್‌ಡಿ ಯುನಿಕ್ಸ್‌ನಲ್ಲಿ ಡಿಸ್ಕಿನ ಲೆಕ್ಕ ತೋರಿಸುವ ‘ಐಒಸ್ಟ್ಯಾಟ್’ ಎಂಬ ಸಲಕರಣೆ ಮಾಡುತ್ತಿದ್ದ ಕೆಲಸ ಹೀಗೆ: ಮೊದಲು ಕರ್ನಲ್‌ನ ಕಡತವನ್ನು ತೆರೆದು, ಎಣಿಕೆಗಳು ಮೆಮೊರಿಯ ಯಾವ ವಿಳಾಸದಲ್ಲಿವೆ ಎಂದು ಹುಡುಕುವುದು, ಆಮೇಲೆ ಕರ್ನಲ್‌ನ ಮೆಮೊರಿಯನ್ನೇ ತೆರೆದು ಆ ವಿಳಾಸದಿಂದ ಅಂಕಿಗಳನ್ನು ಎತ್ತಿಕೊಳ್ಳುವುದು. ಕರ್ನಲ್‌ನ ಮೆಮೊರಿಯನ್ನು ಓದಬಲ್ಲವರು ಎಲ್ಲರ ಗುಟ್ಟನ್ನೂ ಓದಬಲ್ಲರು. ಆದ್ದರಿಂದ ಈ ಸಲಕರಣೆಗೆ ವಿಶೇಷ ಅಧಿಕಾರ ಕೊಡಬೇಕಿತ್ತು. ಕರ್ನಲ್‌ನೊಳಗಿನ ರಚನೆ ಬದಲಾದರೆ ಸಲಕರಣೆಯನ್ನೂ ಬದಲಿಸಬೇಕಿತ್ತು. ಒಂದು ಮೀಟರ್ ಓದಲು ಇಡೀ ಮನೆಯ ಬೀಗದ ಕೈ ಕೊಟ್ಟಂತೆ.

ವಿಂಡೋಸ್ ಎನ್‌ಟಿ 4ರಲ್ಲಿ ಬೇರೊಂದು ತೊಡಕು. ಎಣಿಸುವುದಕ್ಕೂ ಪ್ರೊಸೆಸರಿನ ಸಮಯ ಖರ್ಚಾಗುತ್ತದೆಂದು ಡಿಸ್ಕಿನ ಎಣಿಕೆಗಳನ್ನು ಮೊದಲಿನಿಂದಲೇ ಆರಿಸಿಟ್ಟಿದ್ದರು. ಬೇಕಾದವರು ‘ಡಿಸ್ಕ್‌ಪರ್ಫ್’ ಎಂಬ ಆದೇಶ ಕೊಟ್ಟು ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಯಂತ್ರ ನಿಧಾನವಾಗಿದೆ ಎಂದು ನೋಡಹೊರಟವರು ಅದನ್ನು ಆರಿಸಿ ಹೊತ್ತಿಸಿದರೆ, ನೋಡಬೇಕಿದ್ದ ತೊಂದರೆಯೇ ಕೆಲವೊಮ್ಮೆ ಮಾಯ!

ಮೂರನೆಯ ದಾರಿ ಬೆಲ್ ಲ್ಯಾಬ್ಸ್‌ನಿಂದ ಬಂತು. 1984ರಲ್ಲಿ ಟಾಮ್ ಕಿಲಿಯನ್ ಒಂದು ಸರಳ ಯೋಚನೆಯನ್ನು ಪ್ರಬಂಧವಾಗಿ ಮಂಡಿಸಿದರು: ಓಡುತ್ತಿರುವ ಪ್ರತಿ ಪ್ರೋಗ್ರಾಮೂ ಒಂದು ಫೋಲ್ಡರಿನೊಳಗೆ ಕಡತದಂತೆ ಕಾಣಿಸಲಿ. ಆ ಕಡತ ಡಿಸ್ಕಿನಲ್ಲಿ ಎಲ್ಲೂ ಇರುವುದಿಲ್ಲ. ಯಾರಾದರೂ ಓದಲು ಬಂದಾಗ ಕರ್ನಲ್ ಆ ಕ್ಷಣದ ಸಂಗತಿಯನ್ನು ಅದರಲ್ಲಿ ತುಂಬಿ ಕೊಡುತ್ತದೆ. ಆ ಫೋಲ್ಡರಿನ ಹೆಸರು ‘ಪ್ರಾಕ್’. 1990ರ ದಶಕದ ಆರಂಭದಲ್ಲಿ ಲಿನಕ್ಸ್ ಇದನ್ನು ಎತ್ತಿಕೊಂಡು ಇನ್ನಷ್ಟು ಹಿಗ್ಗಿಸಿತು. ಪ್ರೋಗ್ರಾಂಗಳ ವಿವರದ ಜೊತೆ ಮೆಮೊರಿ, ಪ್ರೊಸೆಸರ್, ಡಿಸ್ಕು ಎಲ್ಲವೂ ಅಲ್ಲಿ ಸಾದಾ ಅಕ್ಷರಗಳಲ್ಲಿ ಕಾಣತೊಡಗಿದವು. ವಿಶೇಷ ಸಲಕರಣೆ ಬೇಡ, ವಿಶೇಷ ಅಧಿಕಾರ ಬೇಡ. ಕಡತ ತೋರಿಸುವ ‘ಕ್ಯಾಟ್’ ಆದೇಶ ಗೊತ್ತಿದ್ದರೆ ಸಾಕು. ಮೀಟರ್ ಹೊರಗೋಡೆಗೆ ಬಂತು.

ಕಾಣದ ಡಿಸ್ಕು

ಆದರೆ ಹೊರಗೋಡೆಗೆ ಬಂದ ಮೊದಲ ಮೀಟರ್ ಬಡವಾಗಿತ್ತು. ಲಿನಕ್ಸ್ 2.2ರಲ್ಲಿ ‘ಪ್ರಾಕ್’ನೊಳಗಿನ ‘ಸ್ಟ್ಯಾಟ್’ ಕಡತ ನಾಲ್ಕೇ ಡಿಸ್ಕಿನ ಲೆಕ್ಕ ಕೊಡುತ್ತಿತ್ತು. 2001ರ ಜನವರಿಯಲ್ಲಿ ಬಂದ 2.4 ಅದನ್ನು ಹೆಚ್ಚಿಸಿತು. ಎಷ್ಟು ಬಾರಿ ಓದಿತು, ಬರೆಯಿತು, ಎಷ್ಟು ಬ್ಲಾಕ್ ಸಾಗಿದವು ಎಂದು ಡಿಸ್ಕುವಾರು ಕಾಣುತ್ತಿತ್ತು. ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದ ದಿನಗಳಲ್ಲಿ ಹೊಸ ಲಿನಕ್ಸ್ ಎಂದರೆ ಈ 2.4.

ಅದರಲ್ಲೊಂದು ವಿಚಿತ್ರ ಕುರುಡಿತ್ತು. ಲಿನಕ್ಸ್ ಪ್ರತಿಯೊಂದು ಬಗೆಯ ಸಾಧನಕ್ಕೂ ಒಂದು ‘ಮೇಜರ್’ ಸಂಖ್ಯೆ ಕೊಡುತ್ತದೆ. ಆಗಿನ ಮಾಮೂಲಿ ಕಂಪ್ಯೂಟರಿನಲ್ಲಿ ಮೊದಲ ಐಡಿಇ ಕೇಬಲ್ಲಿನ ಡಿಸ್ಕುಗಳಿಗೆ 3, ಎರಡನೆಯ ಕೇಬಲ್ಲಿನವಕ್ಕೆ 22. ಲೆಕ್ಕ ಇಡುವ ಕೋಷ್ಟಕದಲ್ಲಿ ಮಾತ್ರ ಹದಿನಾರೇ ಸಾಲು. 16 ಮತ್ತು ಅದಕ್ಕಿಂತ ಮೇಲಿನ ಮೇಜರ್ ಬಂದರೆ ಕರ್ನಲ್ ಎಣಿಸದೆ ಸುಮ್ಮನೆ ಹಿಂದಿರುಗುತ್ತಿತ್ತು. ಪರಿಣಾಮ, ಎರಡನೆಯ ಕೇಬಲ್ಲಿಗೆ ಜೋಡಿಸಿದ ಡಿಸ್ಕು ಎಷ್ಟೇ ದುಡಿಯಲಿ, ಲೆಕ್ಕದಲ್ಲಿ ಅದು ಇರಲೇ ಇಲ್ಲ. ತಪ್ಪು ಸಂದೇಶವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಮೂಲ ಕೋಡ್ ಎಲ್ಲರೆದುರು ತೆರೆದೇ ಇತ್ತು; ಆದರೂ ಯಂತ್ರದ ಮುಂದೆ ಕೂತವರಿಗೆ ಒಂದು ಇಡೀ ಡಿಸ್ಕು ಕಾಣುತ್ತಿರಲಿಲ್ಲ. ಬಿಚ್ಚಿ ನೋಡುವ ಹಕ್ಕಿನ ಎರಡು ಬಗೆ ಬೇರೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ.

ಇನ್ನೊಂದು ಕೊರತೆ ಸಮಯದ್ದು. ನೂರು ಬಾರಿ ಓದಿತು ಎಂದು ತಿಳಿದರೆ ಅರ್ಧ ತಿಳಿದಂತೆ. ಆ ನೂರಕ್ಕೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದೇ ಡಿಸ್ಕಿನ ಆರೋಗ್ಯ ಹೇಳುವುದು. ಸ್ಟೀಫನ್ ಟ್ವೀಡಿ ಬರೆದ ‘ಸಾರ್ಡ್’ ಎಂಬ ತಿದ್ದುಪಡಿ ಈ ಕೊರತೆಯನ್ನು ತುಂಬಿತು. 2002ರ ನವೆಂಬರಿನಲ್ಲಿ ಹೊರಬಂದ 2.4.20ರಲ್ಲಿ ಈ ವಿಸ್ತೃತ ಲೆಕ್ಕ ಮುಖ್ಯ ಕರ್ನಲ್‌ಗೇ ಸೇರಿತು. ಆದರೆ ಕೂರಿಸಿದ ಜಾಗ? ಡಿಸ್ಕಿನ ವಿಭಾಗಗಳ ಪಟ್ಟಿ ಕೊಡಲೆಂದು ಇದ್ದ ‘ಪ್ರಾಕ್’ನ ‘ಪಾರ್ಟಿಶನ್ಸ್’ ಕಡತದಲ್ಲಿ, ಹೆಸರಿನ ಪಕ್ಕದಲ್ಲೇ ಹನ್ನೊಂದು ಅಂಕಿ ಸಾಲಾಗಿ ಬಂದು ನಿಂತವು. ಪಡಿತರ ಚೀಟಿಯ ಅಂಚಿನಲ್ಲಿ ಕರೆಂಟಿನ ಲೆಕ್ಕ ಬರೆದಂತೆ. ಕೆಲಸ ನಡೆಯುತ್ತಿತ್ತು, ಜಾಗ ಮಾತ್ರ ಅದರದಲ್ಲ.

ಎರಡು ಬಾಗಿಲು

2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್ ಈ ಲೆಕ್ಕಕ್ಕೆ ಸ್ವಂತ ಮನೆ ಕೊಟ್ಟಿತು. ಒಂದಲ್ಲ, ಎರಡು.

ಒಂದು, ‘ಪ್ರಾಕ್’ನಲ್ಲೇ ‘ಡಿಸ್ಕ್‌ಸ್ಟ್ಯಾಟ್ಸ್’ ಎಂಬ ಹೊಸ ಕಡತ. ಯಂತ್ರದ ಎಲ್ಲ ಡಿಸ್ಕುಗಳೂ ಒಂದೇ ಪಟ್ಟಿಯಲ್ಲಿ, ಒಂದೊಂದಕ್ಕೆ ಒಂದೊಂದು ಸಾಲು. ಇನ್ನೊಂದು, ಪ್ಯಾಟ್ರಿಕ್ ಮೋಷೆಲ್ ಬರೆದ ‘ಸಿಸ್‌ಎಫ್‌ಎಸ್’ ಎಂಬ ಹೊಸ ಮರದೊಳಗೆ, ಆಯಾ ಡಿಸ್ಕಿನ ಫೋಲ್ಡರಿನಲ್ಲೇ ‘ಸ್ಟ್ಯಾಟ್’ ಎಂಬ ಪುಟ್ಟ ಕಡತ. ‘ಪ್ರಾಕ್’ ಆ ಹೊತ್ತಿಗೆ ಊರ ಉಗ್ರಾಣದಂತಾಗಿತ್ತು. ಎಲ್ಲರೂ ತಮಗೆ ತೋಚಿದ ಆಕಾರದಲ್ಲಿ ಏನೇನೋ ತಂದು ತುಂಬಿದ್ದರು. ಅದಕ್ಕೇ ಹೊಸ ಮರಕ್ಕೆ ಒಂದು ಶಿಸ್ತು ಹಾಕಿಕೊಂಡರು: ಒಂದು ಕಡತಕ್ಕೆ ಸಾಧ್ಯವಾದಷ್ಟೂ ಒಂದೇ ಬೆಲೆ. ಓದುವ ಪ್ರೋಗ್ರಾಂ ಸಾಲನ್ನು ಕತ್ತರಿಸಿ ಮೂರನೆಯದು ಯಾವುದು, ಏಳನೆಯದು ಯಾವುದು ಎಂದು ಎಣಿಸುವ ತಾಪತ್ರಯ ಬೇಡ.

ಈ ಶಿಸ್ತಿನ ಮನೆಗೆ ಡಿಸ್ಕಿನ ‘ಸ್ಟ್ಯಾಟ್’ ಕಡತ ಕಾಲಿಟ್ಟದ್ದೇ ಶಿಸ್ತು ಮುರಿದು. ಒಂದೇ ಕಡತದಲ್ಲಿ ಹನ್ನೊಂದು ಅಂಕಿ. ಕರ್ನಲ್‌ನ ದಾಖಲೆಯಲ್ಲಿ ಈ ಪ್ರಶ್ನೆಯನ್ನು ಅವರೇ ಎತ್ತಿಕೊಂಡು ಉತ್ತರವನ್ನೂ ಬರೆದಿಟ್ಟಿದ್ದಾರೆ. ಹನ್ನೊಂದು ಕಡತ ಮಾಡಿದರೆ, ಮೊದಲನೆಯದನ್ನು ಓದಿ ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಡಿಸ್ಕು ಇನ್ನಷ್ಟು ಕೆಲಸ ಮಾಡಿ ಮುಗಿಸಿರುತ್ತದೆ. ಕೋರಿಕೆಗಳ ಸಂಖ್ಯೆ ಒಂದು ಕ್ಷಣದ್ದು, ಹಿಡಿದ ಸಮಯ ಇನ್ನೊಂದು ಕ್ಷಣದ್ದು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವ ಸರಾಸರಿ ಯಾವ ಕ್ಷಣದ್ದೂ ಅಲ್ಲ.

ಇಡುಕ್ಕಿ ಜಲಾಶಯದ ಲೆಕ್ಕ ನೆನೆದರೆ ಇದು ತಟ್ಟನೆ ಅರ್ಥವಾಗುತ್ತದೆ. ಅದರ ಪೂರ್ಣ ಮಟ್ಟ 2,403 ಅಡಿ. 2018ರ ಆಗಸ್ಟ್ 9ರಂದು ಅದರ ಚೆರುತೋಣಿ ಗೇಟನ್ನು 26 ವರ್ಷಗಳ ನಂತರ ಎತ್ತಿದರು. ಪೆರಿಯಾರ್ ತುಂಬಿ ಹರಿದು ಕೆಲವೇ ದಿನಗಳಲ್ಲಿ ಕೊಚ್ಚಿಯ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ಅಂಥ ಹೊತ್ತಿನಲ್ಲಿ ನೀರಿನ ಮಟ್ಟ ಬೆಳಗಿನದು, ಒಳಹರಿವು ಮಧ್ಯಾಹ್ನದ್ದು, ಹೊರಹರಿವು ಸಂಜೆಯದ್ದು ಎಂದು ಕೊಟ್ಟರೆ ಮೂರೂ ನಿಜವಾದ ಅಂಕಿಗಳೇ. ಒಟ್ಟಿಗೆ ಇಟ್ಟರೆ ಮಾತ್ರ ಸುಳ್ಳು. ಮೂರನ್ನೂ ಒಂದೇ ಗಳಿಗೆಯಲ್ಲಿ ಓದಬೇಕು. ಡಿಸ್ಕಿನ ಹನ್ನೊಂದು ಅಂಕಿಗಳಿಗೂ ಒಂದೇ ಸಾಲು ಸಿಕ್ಕಿದ್ದು ಈ ಕಾರಣಕ್ಕೆ.

ಹಾಗಾದರೆ ಎರಡು ಬಾಗಿಲು ಯಾಕೆ? ಐಬಿಎಂನ ರಿಕ್ ಲಿಂಡ್ಸ್‌ಲಿ 2003ರ ಸೆಪ್ಟೆಂಬರಿನಲ್ಲಿ ಬರೆದ ಟಿಪ್ಪಣಿ ಇದಕ್ಕೆ ಬಹಳ ವ್ಯಾವಹಾರಿಕವಾದ ಉತ್ತರ ಕೊಡುತ್ತದೆ. ಒಂದೆರಡು ಗೊತ್ತಿರುವ ಡಿಸ್ಕುಗಳ ಮೇಲೆ ಕಣ್ಣಿಡುವವರಿಗೆ ಆ ಡಿಸ್ಕಿನ ಫೋಲ್ಡರಿಗೇ ಹೋಗುವುದು ಸಲೀಸು. ಐನೂರು ಡಿಸ್ಕಿರುವ ಯಂತ್ರದಲ್ಲಿ ಪ್ರತಿ ಸಲವೂ ಐನೂರು ಕಡತ ತೆರೆದು ಮುಚ್ಚುವುದೇ ಒಂದು ಹೊರೆ. ಅಲ್ಲಿ ಒಂದೇ ಪಟ್ಟಿ ಮೇಲು. ಮನೆಯಾತ ತನ್ನ ಮೀಟರ್ ನೋಡಿಕೊಳ್ಳುವುದಕ್ಕೂ ಲೈನ್‌ಮ್ಯಾನ್ ಇಡೀ ಬಡಾವಣೆಯ ರೀಡಿಂಗ್ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಇದು.

ಎಣಿಸುವ ಖರ್ಚಿನ ಪ್ರಶ್ನೆಗೂ ಅವರು ಒಂದು ನಡುದಾರಿ ಹಿಡಿದರು. ಹಲವು ಪ್ರೊಸೆಸರುಗಳು ಒಂದೇ ಎಣಿಕೆಯನ್ನು ಹೆಚ್ಚಿಸುವಾಗ ಬೀಗ ಹಾಕಿ ತೆಗೆಯುತ್ತ ಕೂತರೆ ಡಿಸ್ಕಿನ ಕೆಲಸವೇ ನಿಧಾನವಾಗುತ್ತದೆ. ಆದ್ದರಿಂದ ಬೀಗವಿಲ್ಲದೆ ಪ್ರತಿ ಪ್ರೊಸೆಸರೂ ತನ್ನ ಪಾಲನ್ನು ಎಣಿಸುತ್ತದೆ, ಓದುವಾಗ ಕೂಡಿಸಿ ಕೊಡುತ್ತದೆ. ಅಪರೂಪಕ್ಕೆ ಒಂದೆರಡು ಹೆಚ್ಚುಕಡಿಮೆ ಆದೀತು. ಪೂರ್ತಿ ಕರಾರುವಾಕ್ಕಾದ, ಆದರೆ ಆರಿಸಿಟ್ಟ ಮೀಟರಿಗಿಂತ, ಕೂದಲೆಳೆಯಷ್ಟು ತಪ್ಪುವ, ಆದರೆ ಸದಾ ಉರಿಯುವ ಮೀಟರ್ ಒಳ್ಳೆಯದು ಎಂಬ ಲೆಕ್ಕಾಚಾರ.

ಬೆಂಗಳೂರಿನಿಂದ ಬಂದ ಪ್ರಶ್ನೆ

ಡಿಸ್ಕು ದಣಿದಿದೆ ಎಂದು ಗೊತ್ತಾಯಿತು. ದಣಿಸಿದವರು ಯಾರು? ಡಿಸ್ಕುವಾರು ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ.

ಈ ಪ್ರಶ್ನೆಗೆ ಕೈಹಾಕಿದವರಲ್ಲಿ ಐಬಿಎಂನ ಶೈಲಭ್ ನಾಗರ್ ಮತ್ತು ಆ ಕಾಲದಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ತಂಡದಲ್ಲಿದ್ದ ಬಲ್ಬೀರ್ ಸಿಂಗ್ ಮುಖ್ಯರು. ಅವರ ಕೆಲಸ 2006ರ ಸೆಪ್ಟೆಂಬರಿನ 2.6.18ರಲ್ಲಿ ಕರ್ನಲ್ ಸೇರಿತು. ಒಂದೊಂದು ಪ್ರೋಗ್ರಾಮೂ ಪ್ರೊಸೆಸರಿಗಾಗಿ ಎಷ್ಟು ಹೊತ್ತು ಕಾಯಿತು, ಡಿಸ್ಕಿಗಾಗಿ ಎಷ್ಟು ಹೊತ್ತು ಕಾಯಿತು ಎಂಬ ವಿಳಂಬದ ಲೆಕ್ಕ ಅದು. ಅದನ್ನು ಇಡುವ ಜಾಗವಾಗಿ ಅವರು ಆರಿಸಿದ್ದು ಕಡತವನ್ನಲ್ಲ. ‘ನೆಟ್‌ಲಿಂಕ್’ ಎಂಬ ಸಂದೇಶದ ಕೊಳವೆಯ ಮೂಲಕ ‘ಟಾಸ್ಕ್‌ಸ್ಟ್ಯಾಟ್ಸ್’ ಎಂಬ ಹೆಸರಿನಲ್ಲಿ ಈ ಲೆಕ್ಕ ಹೊರಬರುತ್ತದೆ. ಅದಕ್ಕೆ ಗಟ್ಟಿ ಕಾರಣವಿತ್ತು. ಪ್ರೋಗ್ರಾಂ ಮುಗಿದ ಕ್ಷಣವೇ ‘ಪ್ರಾಕ್’ನೊಳಗಿನ ಅದರ ಫೋಲ್ಡರ್ ಮಾಯವಾಗುತ್ತದೆ. ಅರ್ಧ ಸೆಕೆಂಡ್ ಬದುಕಿ ಡಿಸ್ಕನ್ನು ಗೋಳುಹೊಯ್ದು ಸತ್ತುಹೋಗುವ ಪ್ರೋಗ್ರಾಂನ ಕಡತವನ್ನು ಯಾರು ಯಾವಾಗ ಓದಬೇಕು? ಕೊಳವೆಯಲ್ಲಾದರೆ ಸಾಯುವ ಹೊತ್ತಿಗೆ ಕರ್ನಲ್ಲೇ ಕೊನೆಯ ಲೆಕ್ಕವನ್ನು ತಳ್ಳಿಬಿಡುತ್ತದೆ. ಬೆಲೆಯಾಗಿ ತೆತ್ತದ್ದು ಸರಳತೆ. ಕೊಳವೆಗೆ ‘ಕ್ಯಾಟ್’ ನಡೆಯದು. ಅದರ ಭಾಷೆ ಗೊತ್ತಿರುವ ಪ್ರೋಗ್ರಾಂ ಬೇಕು.

ಕೆಲವೇ ತಿಂಗಳ ನಂತರ, 2007ರ ಆರಂಭದ 2.6.20ರಲ್ಲಿ, ಆಂಡ್ರ್ಯೂ ಮಾರ್ಟನ್ ಇದರ ಪಕ್ಕದ ಲೆಕ್ಕವೊಂದನ್ನು ಸಾದಾ ಕಡತವಾಗಿಯೇ ಇಟ್ಟರು. ಪ್ರತಿ ಪ್ರೋಗ್ರಾಂನ ಫೋಲ್ಡರಿನಲ್ಲಿ ‘ಐಒ’ ಎಂಬ ಕಡತ. ಅದು ಎಷ್ಟು ಬೈಟ್ ಓದಿತು, ಎಷ್ಟು ಬರೆಯಿತು ಎಂಬ ಲೆಕ್ಕ. ಯಾರು ಬೇಕಾದರೂ ಓದಬಹುದಿತ್ತು.

2011ರಲ್ಲಿ ಈ ಎರಡೂ ಬಾಗಿಲುಗಳ ಬಗ್ಗೆ ಗಾಬರಿ ಹುಟ್ಟಿತು. ಒಂದೇ ಯಂತ್ರವನ್ನು ಹಲವರು ಬಳಸುತ್ತಿದ್ದಾರೆ ಎನ್ನಿ. ಒಬ್ಬರು ಪಾಸ್‌ವರ್ಡ್ ಬರೆಯುತ್ತಾರೆ. ಅದನ್ನು ಓದಿಕೊಳ್ಳುವ ಪ್ರೋಗ್ರಾಂನ ಲೆಕ್ಕ ಅಷ್ಟು ಬೈಟ್ ಮೇಲೇರುತ್ತದೆ. ಇನ್ನೊಬ್ಬರು ಆ ಲೆಕ್ಕವನ್ನು ಪದೇಪದೇ ಓದುತ್ತಿದ್ದರೆ ಪಾಸ್‌ವರ್ಡ್ ಎಷ್ಟು ಅಕ್ಷರದ್ದು ಎಂದು ತಿಳಿದುಬಿಡುತ್ತದೆ. ಹೊರಗೋಡೆಯ ಮೀಟರ್ ನೋಡಿ ಮನೆಯವರು ಊರಲ್ಲಿಲ್ಲ ಎಂದು ಕಳ್ಳ ಲೆಕ್ಕ ಹಾಕಿದಂತೆ. ಎರಡಕ್ಕೂ ಭದ್ರತಾ ದೋಷದ ಸಂಖ್ಯೆ ಬಿತ್ತು, ಎರಡನ್ನೂ ಬಿಗಿ ಮಾಡಿದರು. ‘ಐಒ’ ಕಡತ ಆಯಾ ಪ್ರೋಗ್ರಾಂನ ಒಡೆಯರಿಗೆ ಮತ್ತು ಯಂತ್ರದ ಮೇಲ್ವಿಚಾರಕರಿಗೆ ಮೀಸಲಾಯಿತು. ಟಾಸ್ಕ್‌ಸ್ಟ್ಯಾಟ್ಸ್‌ಗೆ ವಿಶೇಷ ಅಧಿಕಾರ ಕಡ್ಡಾಯವಾಯಿತು. ಯಾವ ಪ್ರೋಗ್ರಾಂ ಡಿಸ್ಕು ತಿನ್ನುತ್ತಿದೆ ಎಂದು ತೋರಿಸುವ ‘ಐಒಟಾಪ್’ ಅಂದಿನಿಂದ ಸಾಮಾನ್ಯ ಬಳಕೆದಾರರ ಕೈಗೆ ಸುಲಭವಾಗಿ ಸಿಗದಂತಾಯಿತು.

ಡಿಸ್ಕುವಾರು ಒಟ್ಟು ಲೆಕ್ಕ ಮಾತ್ರ ಎಲ್ಲರಿಗೂ ತೆರೆದೇ ಉಳಿಯಿತು. ಅದು ಯಂತ್ರದ ಸಂಗತಿ. ಇದು ಯಂತ್ರ ಬಳಸುವ ಮನುಷ್ಯರ ಸಂಗತಿ. ಗೆರೆ ಬಿದ್ದದ್ದು ಅಲ್ಲಿ.

ಕೊಟ್ಟ ಮಾತು

ಒಮ್ಮೆ ಹೊರಗೋಡೆಗೆ ಹಾಕಿದ ಮೀಟರನ್ನು ಆಮೇಲೆ ಬೇಕೆಂದಾಗ ತಿದ್ದಲಾಗದು. ಲೋಕದ ಎಷ್ಟೋ ಪ್ರೋಗ್ರಾಂಗಳು ‘ಡಿಸ್ಕ್‌ಸ್ಟ್ಯಾಟ್ಸ್’ನ ನಾಲ್ಕನೆಯ ಅಂಕಿ ಇಂಥದ್ದೇ ಎಂದು ನಂಬಿ ಕೂತಿವೆ. ಬಳಕೆದಾರರ ಪ್ರೋಗ್ರಾಂ ಮುರಿಯಬಾರದೆಂಬುದು ಲಿನಸ್ ಟೋರ್ವಾಲ್ಡ್ಸ್ ಬಿಡದೆ ಹಿಡಿದ ನಿಯಮ. ಅದಕ್ಕೇ ಆ ಸಾಲು ಬೆಳೆದದ್ದೆಲ್ಲ ಬಲತುದಿಯಲ್ಲೇ. 2018ರ ಆಗಸ್ಟಿನ 4.18ರಲ್ಲಿ ನಾಲ್ಕು ಅಂಕಿ ಸೇರಿದವು. ಎಸ್‌ಎಸ್‌ಡಿಗಳಿಗೆ ‘ಈ ಜಾಗ ಇನ್ನು ಬೇಡ’ ಎಂದು ಹೇಳುವ ಕೋರಿಕೆಗಳ ಲೆಕ್ಕ. 2020ರ ಜನವರಿಯ 5.5ರಲ್ಲಿ ಇನ್ನೆರಡು, ಬರೆದದ್ದನ್ನು ಡಿಸ್ಕಿನ ತಾತ್ಕಾಲಿಕ ನೆನಪಿನಿಂದ ಪೂರ್ತಿ ಇಳಿಸುವ ಕೋರಿಕೆಗಳದ್ದು. ಹನ್ನೊಂದು ಹದಿನೈದಾಗಿ, ಹದಿನೇಳಾಯಿತು. ಮೊದಲ ಹನ್ನೊಂದು ತಮ್ಮ ಜಾಗ ಬಿಟ್ಟು ಅಲ್ಲಾಡಿಲ್ಲ. ಪ್ರಯೋಗ ಮಾಡಬಯಸುವವರಿಗೆ ‘ಡೀಬಗ್‌ಎಫ್‌ಎಸ್’ ಎಂಬ ಬೇರೆ ಹಿತ್ತಿಲಿದೆ. ಅಲ್ಲಿಟ್ಟದ್ದು ನಾಳೆಯೂ ಇದ್ದೀತು ಎಂದು ಯಾರೂ ಮಾತು ಕೊಡುವುದಿಲ್ಲ.

ಜಾಗ ಅಲ್ಲಾಡದಿದ್ದರೂ ಅರ್ಥ ಅಲ್ಲಾಡಿತು. ಹತ್ತನೆಯ ಅಂಕಿ, ಡಿಸ್ಕು ಕೆಲಸದಲ್ಲಿ ತೊಡಗಿದ್ದ ಒಟ್ಟು ಸಮಯ. ತಿರುಗುವ ತಟ್ಟೆಯ ಕಾಲದಲ್ಲಿ ಅದು ನೂರಕ್ಕೆ ನೂರು ಆದರೆ ಡಿಸ್ಕು ಸುಸ್ತಾಗಿದೆ ಎಂದರ್ಥ. ಎಸ್‌ಎಸ್‌ಡಿ ಒಟ್ಟಿಗೇ ಹಲವಾರು ಕೋರಿಕೆ ಪೂರೈಸುತ್ತದೆ. ಒಬ್ಬ ಗಿರಾಕಿ ಇದ್ದರೂ ಹೋಟೆಲ್ ‘ತೆರೆದಿದೆ’, ನೂರು ಜನ ಇದ್ದರೂ ‘ತೆರೆದಿದೆ’. ನೂರಕ್ಕೆ ನೂರು ಎಂದು ಕಂಡು ಹೆದರಿ ಹೊಸ ಡಿಸ್ಕಿಗೆ ದುಡ್ಡು ಹಾಕುವವರು ಈಗಲೂ ಇದ್ದಾರೆ. 2019ರ 5.0ರಿಂದ ಈ ಅಂಕಿಯನ್ನು ಲೆಕ್ಕ ಹಾಕುವ ಬಗೆಯೂ ಸ್ವಲ್ಪ ಒರಟಾಗಿದೆ. ಇದೇ ಅಂಕಿಯಿಂದ ‘ಐಒಸ್ಟ್ಯಾಟ್’ ತೆಗೆಯುತ್ತಿದ್ದ ಒಂದು ಸರಾಸರಿಯನ್ನು ನಂಬಬೇಡಿ ಎಂದು ಅದರ ಕೈಪಿಡಿ ವರ್ಷಗಟ್ಟಲೆ ಎಚ್ಚರಿಸಿ, ಕೊನೆಗೆ ಆ ಕಲಮನ್ನೇ ತೆಗೆದುಹಾಕಿದರು.

2018ರ ಕೊನೆಯಲ್ಲಿ, 4.20ರಲ್ಲಿ, ಪ್ರಶ್ನೆಯನ್ನೇ ತಿರುಗಿಸಿ ಕೇಳುವ ಒಂದು ಕಡತ ಬಂತು. ಫೇಸ್‌ಬುಕ್‌ನ ಯೊಹಾನೆಸ್ ವೈನರ್ ಬರೆದ ‘ಪ್ರೆಶರ್’. ಡಿಸ್ಕು ಎಷ್ಟು ದುಡಿಯಿತು ಎನ್ನುವುದನ್ನು ಅದು ಹೇಳುವುದಿಲ್ಲ. ಡಿಸ್ಕಿಗೆ ಕಾಯುತ್ತ ಕೆಲಸಗಳು ಎಷ್ಟು ಹೊತ್ತು ನಿಂತವು ಎಂದು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಅದನ್ನೂ ಇಟ್ಟದ್ದು ಎಲ್ಲಿ? ಮೂವತ್ತು ವರ್ಷ ಹಳೆಯ ಆ ‘ಪ್ರಾಕ್’ನಲ್ಲೇ.

ತಿರುವನಂತಪುರದಿಂದ ಕೊಚ್ಚಿಗೆ

‘ಐಟಿ ಅಟ್ ಸ್ಕೂಲ್’ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಶಾಲೆಗಳಿಗಾಗಿ ತಿರುವನಂತಪುರದಲ್ಲಿ ಸಿದ್ಧವಾಗುವ ಕಾರ್ಯಾಚರಣ ವ್ಯವಸ್ಥೆ ಮೊದಲು ಡೆಬಿಯನ್ ಮೇಲೆ, ನಂತರ ಉಬುಂಟು ಮೇಲೆ ಕಟ್ಟಿದ್ದು. ಅದು ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರುಗಳಿಗೂ ಹೋಗುತ್ತದೆ; ಐಸಿಟಿ ಪಠ್ಯಪುಸ್ತಕ ಅಲ್ಲಿ ಕನ್ನಡದಲ್ಲೂ ಇದೆ. ಅದರ ಬುಡದಲ್ಲಿರುವ ಕರ್ನಲ್ ಲೋಕದ ದೊಡ್ಡ ದೊಡ್ಡ ಡೇಟಾ ಸೆಂಟರುಗಳಲ್ಲಿ ಓಡುವ ಅದೇ ಕರ್ನಲ್. ಐನೂರು ಡಿಸ್ಕಿನ ಯಂತ್ರಕ್ಕೆಂದು ಯೋಚಿಸಿ ಇಟ್ಟ ಪಟ್ಟಿ ಒಂದೇ ಡಿಸ್ಕಿನ ಶಾಲಾ ಕಂಪ್ಯೂಟರಿನಲ್ಲೂ ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಇದೆ.

ಉದಾಹರಣೆಗೆ, ನಿಧಾನವಾದ ಯಂತ್ರವೊಂದರಲ್ಲಿ ಆ ಸಾಲನ್ನು ಹತ್ತು ಸೆಕೆಂಡ್ ಬಿಟ್ಟು ಎರಡು ಬಾರಿ ಓದಿದರು ಎಂದುಕೊಳ್ಳಿ. ಓದಿನ ಸಂಖ್ಯೆ 400 ಏರಿದೆ, ಓದಿಗೆ ಹಿಡಿದ ಸಮಯ 16,000 ಮಿಲಿಸೆಕೆಂಡ್ ಏರಿದೆ. ಭಾಗಿಸಿದರೆ ಒಂದು ಓದಿಗೆ 40 ಮಿಲಿಸೆಕೆಂಡ್. ಒಳ್ಳೆಯ ಹಾರ್ಡ್ ಡಿಸ್ಕಿಗೆ ಬಿಡುವಿದ್ದಾಗ ಹಿಡಿಯುವುದಕ್ಕಿಂತ ಸುಮಾರು ಮೂರು ಪಟ್ಟು; ಕೋರಿಕೆಗಳು ಸಾಲುಗಟ್ಟಿವೆ. ಪಕ್ಕದಲ್ಲೇ ಮೆಮೊರಿಯ ಕಡತ ನೋಡಿ, ಸ್ವಾಪ್ ತುಂಬಿ ಹರಿಯುತ್ತಿದ್ದರೆ ಬೇಕಾದದ್ದು ಮೆಮೊರಿ. ಸ್ವಾಪ್ ಖಾಲಿಯಿದ್ದು, ಕೋರಿಕೆ ಕಡಿಮೆಯಿದ್ದಾಗಲೂ ಇಷ್ಟೇ ಹೊತ್ತು ಹಿಡಿಯುತ್ತಿದ್ದರೆ ಡಿಸ್ಕಿನ ದಿನ ಮುಗಿಯುತ್ತಾ ಬಂತು. ಇದಕ್ಕೆ ಕೂಡು, ಕಳೆ, ಭಾಗಾಕಾರ ಗೊತ್ತಿದ್ದರೆ ಸಾಕು. ಎಂಟನೆಯ ತರಗತಿಯ ಮಗುವಿಗೂ ಗೊತ್ತು.

2023ರ ಸೆಪ್ಟೆಂಬರ್ 10ರಿಂದ 17ರವರೆಗೆ ಡೆಬಿಯನ್‌ನ ವಾರ್ಷಿಕ ಸಮ್ಮೇಳನ ಮೊದಲ ಬಾರಿಗೆ ಭಾರತಕ್ಕೆ ಬಂತು. ನಡೆದದ್ದು ಕೊಚ್ಚಿಯಲ್ಲಿ, ಇನ್ಫೋಪಾರ್ಕಿನ ಬಳಿ. ಆ ಜೂನ್‌ನಲ್ಲಷ್ಟೇ ಹೊರಬಂದಿದ್ದ ಡೆಬಿಯನ್ 12ರಲ್ಲಿ ಇದ್ದದ್ದು 6.1 ಕರ್ನಲ್. ಅದು ಓಡುವ ಯಾವ ಯಂತ್ರದಲ್ಲಿ ‘ಡಿಸ್ಕ್‌ಸ್ಟ್ಯಾಟ್ಸ್’ ತೆರೆದರೂ ಹೆಸರಿನ ಮುಂದೆ ಹದಿನೇಳು ಅಂಕಿ ಸಾಲಾಗಿ ನಿಲ್ಲುತ್ತವೆ. ಎರಡನೆಯ ಕೇಬಲ್ಲಿನ ಡಿಸ್ಕು ಕಾಣದೇ ಹೋಗುತ್ತಿದ್ದ 2001ರ ತಿರುವನಂತಪುರದಿಂದ ಅಲ್ಲಿಗೆ ಇಪ್ಪತ್ತೆರಡು ವರ್ಷ.

ಆ ಇಪ್ಪತ್ತೆರಡು ವರ್ಷಗಳಲ್ಲಿ ಡಿಸ್ಕು ತಟ್ಟೆಯಿಂದ ಚಿಪ್ಪಾಯಿತು, ಲೆಕ್ಕ ಒಂದು ಕಡತದಿಂದ ಇನ್ನೊಂದಕ್ಕೆ ಅಲೆದು ನೆಲೆ ನಿಂತಿತು, ಕೆಲವು ಬಾಗಿಲು ತೆರೆದು ಮತ್ತೆ ಮುಚ್ಚಿದವು. ಮುಖ್ಯ ಮೀಟರ್ ಮಾತ್ರ ಹೊರಗೋಡೆಯಲ್ಲೇ ಇದೆ. ಅದನ್ನು ಓದಲು ಯಾರ ಅಪ್ಪಣೆಯೂ ಬೇಡ. ಓದಬೇಕು ಅಷ್ಟೇ.